ಬೀಗಲ್‌ಗೆ ಫಿಟ್ಸ್: ಗಾರ್ಡೆನಾಲ್ ಏಳು ವಾರ ಕೊಟ್ಟರೂ ನಿಂತಿಲ್ಲ, ಎರಡನೇ ಔಷಧಿ ಸೇರಿಸಬೇಕಾ?

ತೀರ್ಥಹಳ್ಳಿ_ಬೀಗಲ್ | ಜೂನ್ 16

ಎಲ್ಲರಿಗೂ ನಮಸ್ಕಾರ. ಗಂಡು ಬೀಗಲ್, ಮೂರೂವರೆ ವರ್ಷ. ರೇಬೀಸ್, ಡಿಸ್ಟೆಂಪರ್ (ನಾಯಿಗಳ ವೈರಸ್ ರೋಗ) ಲಸಿಕೆ ವರ್ಷಾವರ್ಷ ತಪ್ಪದೆ ಹಾಕಿಸಿದ್ದೇವೆ. ಔಷಧಿ ಶುರುವಾದಾಗ ತೂಕ 12 ಕೆ.ಜಿ., ಈಗ 13.6. ರಕ್ತ, ಸಕ್ಕರೆ, ಕ್ಯಾಲ್ಸಿಯಂ, ಲಿವರ್, ಕಿಡ್ನಿ, ಮೂತ್ರ ಎಲ್ಲ ಪರೀಕ್ಷೆ ಆಗಿದೆ, ನಾರ್ಮಲ್. ಇಡಿಯೋಪಥಿಕ್ ಎಪಿಲೆಪ್ಸಿ, ಅಂದರೆ ಬೇರೆ ಕಾರಣ ಕಾಣದ ಮೂರ್ಛೆ ರೋಗ ಅಂದರು.

ಡೈರಿಯಲ್ಲಿ ಬರೆದಿಟ್ಟದ್ದು:

ಮಾರ್ಚ್ 9, ಒಂದು ಫಿಟ್
ಏಪ್ರಿಲ್ 2, ಒಂದು
ಏಪ್ರಿಲ್ 27, 18 ಗಂಟೆಯೊಳಗೆ ಎರಡು
ಏಪ್ರಿಲ್ 28ರಿಂದ ಗಾರ್ಡೆನಾಲ್ 30, ಬೆಳಿಗ್ಗೆ 8ಕ್ಕೆ ಒಂದು, ರಾತ್ರಿ 10:30ಕ್ಕೆ ಒಂದು
ಮೇ 26, ರಾತ್ರಿ 9:20, ಒಂದು
ಜೂನ್ 8, ಉಣ್ಣಿಗೆ ತಿಂಗಳಿಗೊಮ್ಮೆ ಕೊಡುವ ಚ್ಯೂ (ಅಗಿಯುವ ಮಾತ್ರೆ)
ಜೂನ್ 14, ರಾತ್ರಿ 9:50, ಒಂದು

ಪ್ರತಿ ಸಲವೂ ಒಂದೇ ರೀತಿ. ಮೊದಲು ತುಟಿ ನೆಕ್ಕುತ್ತಾನೆ, ಎಡಗಡೆ ಮುಂಗಾಲು ಮೇಲೆತ್ತಿ ಹಾಗೇ ನಿಲ್ಲುತ್ತಾನೆ, ಆಮೇಲೆ ಪಕ್ಕಕ್ಕೆ ಬೀಳುತ್ತಾನೆ. ದವಡೆ ಕಟಕಟ ಬಡಿಯುತ್ತದೆ, ನೊರೆ ಬರುತ್ತದೆ, ಮೂತ್ರ ಹೋಗುತ್ತದೆ. ಕೊನೆಯದು 1 ನಿಮಿಷ 40 ಸೆಕೆಂಡ್. ಎದ್ದ ಮೇಲೆ ಇಪ್ಪತ್ತು ನಿಮಿಷ ಗೋಡೆಗೆ ಡಿಕ್ಕಿ ಹೊಡೆಯುತ್ತಾ ಓಡಾಡುತ್ತಾನೆ, ಬಟ್ಟಲು ನೀರು ಖಾಲಿ ಮಾಡುತ್ತಾನೆ.

ನನ್ನ ಪ್ರಶ್ನೆಗಳು: ಗಾರ್ಡೆನಾಲ್ ಜಾಸ್ತಿ ಮಾಡಬೇಕಾ, ಲೆವಿಪಿಲ್ (ಲೆವೆಟಿರಾಸೆಟಮ್, ಫಿಟ್ಸ್‌ಗೆ ಇನ್ನೊಂದು ಔಷಧಿ) ಸೇರಿಸಬೇಕಾ? ಮನುಷ್ಯರಿಗೆ ಕೊಡುವ ಎಪ್ಟಾಯಿನ್ ಕೊಟ್ಟು ನೋಡಿ ಎಂದು ಕೆಲವರು ಹೇಳುತ್ತಿದ್ದಾರೆ, ಕೊಡಬಹುದಾ? ಫಿಟ್ಸ್ ನಿಲ್ಲದೇ ಹೋದರೆ ಮನೆಯಲ್ಲೇ ಏನು ಮಾಡಬೇಕು? ಇಲ್ಲಿಂದ ದೊಡ್ಡ ಆಸ್ಪತ್ರೆಗೆ ಒಂದೂವರೆ ಗಂಟೆ ದಾರಿ. ಮತ್ತೆ, ಕೊಬ್ಬರಿ ಎಣ್ಣೆ ಒಳ್ಳೆಯದು ಅನ್ನುತ್ತಾರೆ, ನಿಜವಾ?

---

ಪಶುವೈದ್ಯ_ಹಾಸನ | ಜೂನ್ 16

ಡೈರಿ ಚೆನ್ನಾಗಿ ಇಟ್ಟಿದ್ದೀರಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ. ಇನ್ನರ್ಧ ನಾಯಿಯ ರಕ್ತದಲ್ಲಿದೆ, ಅದನ್ನು ಇನ್ನೂ ಯಾರೂ ಅಳೆದಿಲ್ಲ.

ಗಾರ್ಡೆನಾಲ್ ಎಂದರೆ ಫಿನೋಬಾರ್ಬಿಟಾಲ್. ಶುರುವಿನ ಡೋಸ್ ಪ್ರತಿ ಕೆ.ಜಿ.ಗೆ 2.5ರಿಂದ 3 ಎಂ.ಜಿ., 12 ಗಂಟೆಗೊಮ್ಮೆ. 12 ಕೆ.ಜಿ.ಗೆ 30 ಎಂ.ಜಿ. ಎಂದರೆ ಸರಿಯಾಗಿ 2.5. ಈಗ ತೂಕ 13.6 ಆಗಿರುವುದರಿಂದ ಅದೇ ಮಾತ್ರೆ 2.2ಕ್ಕೆ ಇಳಿದಿದೆ. ಇದು ಒಂದು. ಇನ್ನೊಂದು, ಈ ಔಷಧಿ ಲಿವರ್‌ನ ಕಿಣ್ವಗಳನ್ನು ಚುರುಕು ಮಾಡುತ್ತದೆ, ಆ ಕಿಣ್ವಗಳೇ ಔಷಧಿಯನ್ನು ಬೇಗ ಕರಗಿಸುತ್ತವೆ. ಹಾಗಾಗಿ ಎರಡನೇ ವಾರದಲ್ಲಿ ಇದ್ದ ಮಟ್ಟ ಏಳನೇ ವಾರಕ್ಕೆ ಉಳಿದಿರುತ್ತದೆ ಅನ್ನುವ ಹಾಗಿಲ್ಲ. ಎರಡನೇ ವಾರಕ್ಕೊಮ್ಮೆ, ಆರನೇ ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಸೀರಮ್ ಫಿನೋಬಾರ್ಬಿಟಾಲ್ ಮಟ್ಟ ನೋಡಬೇಕು ಅನ್ನುವುದು ಇದಕ್ಕೇ. ಫಿಟ್ಸ್ ಹೆಚ್ಚಾದರೂ, ಡೋಸ್ ಬದಲಾಯಿಸಿ ಎರಡು ವಾರವಾದಾಗಲೂ ನೋಡಬೇಕು.

ನಿಮ್ಮ ಊರಿನ ಮನುಷ್ಯರ ಲ್ಯಾಬ್‌ಗಳೇ ಇದನ್ನು ಮಾಡಿಸಿಕೊಡುತ್ತವೆ, ನಾಯಿಗೆ ಪ್ರತ್ಯೇಕ ಲ್ಯಾಬ್ ಬೇಕಿಲ್ಲ. ರಕ್ತ ತೆಗೆಯುವವರಿಗೆ ಒಂದು ಮಾತು ಮೊದಲೇ ಹೇಳಿ: ಕೆಂಪು ಮುಚ್ಚಳದ ಪ್ಲೇನ್ ಟ್ಯೂಬ್ ಬಳಸಿ, ಹಳದಿ ಮುಚ್ಚಳದ ಜೆಲ್ ಟ್ಯೂಬ್ ಬೇಡ. ಜೆಲ್ ಔಷಧಿಯನ್ನು ಹೀರಿಕೊಂಡು ಮಟ್ಟ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಡೋಸ್ ಏರಿಸಿದರೆ ನಾಯಿ ತೂರಾಡುತ್ತದೆ. ಬೆಳಿಗ್ಗೆಯ ಮಾತ್ರೆ ಕೊಡುವ ಮುಂಚೆ ರಕ್ತ ತೆಗೆಸಿ, ಮುಂದಿನ ಸಲವೂ ಅದೇ ಹೊತ್ತಿಗೆ ತೆಗೆಸಿ. ಆಗ ಮಾತ್ರ ಎರಡು ರಿಪೋರ್ಟ್ ಹೋಲಿಸಲು ಬರುತ್ತದೆ.

ಪ್ರತಿ ಎಂ.ಎಲ್.ಗೆ 15ರಿಂದ 40 ಮೈಕ್ರೋಗ್ರಾಂ ಎಂದು ರಿಪೋರ್ಟ್ ಹಾಳೆಯಲ್ಲಿ ಅಚ್ಚಾಗಿರಬಹುದು. ಬಹಳಷ್ಟು ನಾಯಿಗಳಿಗೆ ಕೆಲಸ ಆಗುವುದು 25ರಿಂದ 30ರ ಆಸುಪಾಸಿನಲ್ಲಿ. 35 ದಾಟಿಸಿದರೆ ಲಿವರ್ ಕೆಡುವ ಅಪಾಯ ಹೆಚ್ಚು, ಹಾಗಾಗಿ ಅಲ್ಲಿಯವರೆಗೆ ತಳ್ಳಬಾರದು. ಮಟ್ಟ 20ರ ಕೆಳಗಿದ್ದರೆ ಈ ಔಷಧಿ ಸೋತಿತು ಎಂದು ಹೇಳಲು ಬರುವುದಿಲ್ಲ, ಅದಕ್ಕೆ ಸರಿಯಾದ ಅವಕಾಶವೇ ಸಿಕ್ಕಿಲ್ಲ. 30ರ ಹತ್ತಿರ ಇದ್ದೂ ಫಿಟ್ಸ್ ಬರುತ್ತಿದ್ದರೆ ಆಗ ಎರಡನೇ ಔಷಧಿಯ ಮಾತು. ಅಳೆಯದೆ ಎರಡನೆಯದನ್ನು ಸೇರಿಸಿದರೆ, ಮುಂದೆ ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಅನ್ನುವುದು ಗೊತ್ತೇ ಆಗುವುದಿಲ್ಲ. ಜೀವನಪೂರ್ತಿ ಎರಡು ಮಾತ್ರೆಯ ಖರ್ಚು, ಎರಡರ ಅಡ್ಡಪರಿಣಾಮ ಆ ಜೀವದ ಮೇಲೆ.

8 ಮತ್ತು 10:30ರ ನಡುವೆ ಹದಿನಾಲ್ಕೂವರೆ ಗಂಟೆ ಆಗುತ್ತದೆ. 9 ಮತ್ತು 9, ಅಥವಾ ನಿಮಗೆ ಒಗ್ಗುವ ಬೇರೆ ಸರಿ ಹನ್ನೆರಡು ಗಂಟೆ ಮಾಡಿಕೊಳ್ಳಿ. ಎರಡು ಫಿಟ್ಸ್ ಕೂಡ ರಾತ್ರಿ ಮಾತ್ರೆಗೆ ಸ್ವಲ್ಪ ಮುಂಚೆಯೇ ಬಂದಿವೆ, ನಿಜ. ಆದರೆ ಫಿನೋಬಾರ್ಬಿಟಾಲ್ ನಿಧಾನಕ್ಕೆ ಇಳಿಯುವ ಔಷಧಿ. ಜೊತೆಗೆ ಈ ಬಗೆಯ ಫಿಟ್ಸ್ ವಿಶ್ರಾಂತಿಯಲ್ಲಿ, ನಿದ್ದೆಯಲ್ಲಿ ಬರುವುದು ಸಾಮಾನ್ಯ. ಹೊತ್ತು ಸರಿಮಾಡಿ, ಆದರೆ ಅದೊಂದೇ ಕಾರಣ ಎಂದುಕೊಂಡು ರಕ್ತ ಪರೀಕ್ಷೆ ಬಿಡಬೇಡಿ.

ಎಪ್ಟಾಯಿನ್ ಬೇಡವೇ ಬೇಡ. ಅದು ಫೆನಿಟಾಯಿನ್. ಮನುಷ್ಯರಲ್ಲಿ ದಿನಪೂರ್ತಿ ನಿಲ್ಲುತ್ತದೆ, ನಾಯಿಯ ಲಿವರ್ ಅದನ್ನು ಕೆಲವೇ ಗಂಟೆಯಲ್ಲಿ ಮುಗಿಸಿಬಿಡುತ್ತದೆ. ಎಷ್ಟು ಕೊಟ್ಟರೂ ಮಟ್ಟ ನಿಲ್ಲುವುದಿಲ್ಲ. ಅದನ್ನು ನಂಬಿ ಗಾರ್ಡೆನಾಲ್ ನಿಲ್ಲಿಸುವುದಂತೂ ನೇರವಾಗಿ ಪ್ರಾಣಕ್ಕೆ ಬರುವ ಕೆಲಸ. ಫಿನೋಬಾರ್ಬಿಟಾಲ್ ಒಮ್ಮೆಲೇ ನಿಂತರೆ ಒಂದರ ಹಿಂದೊಂದು ಫಿಟ್ಸ್ ಬರುತ್ತದೆ.

ಮಾತ್ರೆ ಮರೆತರೆ ನೆನಪಾದ ಕೂಡಲೇ ಕೊಡಿ, ಮುಂದಿನದನ್ನು ಅದರ ಹೊತ್ತಿಗೇ ಕೊಡಿ, ಎರಡನ್ನು ಒಟ್ಟಿಗೆ ಕೊಡಬೇಡಿ.

ನುಂಗುವ ಡೈಯಾಜೆಪಾಮ್ ಮಾತ್ರೆಯೂ ದಿನನಿತ್ಯಕ್ಕೆ ನಡೆಯುವುದಿಲ್ಲ, ನಾಯಿಗೆ ಬೇಗ ಇಳಿದುಹೋಗುತ್ತದೆ, ಬೇಗ ಒಗ್ಗಿಯೂ ಹೋಗುತ್ತದೆ. ಅದರ ಜಾಗ ತುರ್ತಿಗೆ ಮಾತ್ರ.

---

ರಾತ್ರಿಪಾಳಿ_ಮೈಸೂರು | ಜೂನ್ 17

ಡಾಕ್ಟರ್ ಹೇಳಿದ್ದು ಸರಿ. ತುರ್ತಿನ ಭಾಗ ನಾನು ಬರೆಯುತ್ತೇನೆ. ಒಂದೂವರೆ ಗಂಟೆ ದಾರಿ ಇರುವವರು ಇದನ್ನು ಇಂದೇ ಸಿದ್ಧ ಮಾಡಿಕೊಳ್ಳಬೇಕು.

ಫಿಟ್ಸ್ ಶುರುವಾದ ಕೂಡಲೇ ಮೊಬೈಲಿನಲ್ಲಿ ಹೊತ್ತು ನೋಡಿ. ಆ ಹೊತ್ತಿನಲ್ಲಿ ಒಂದು ನಿಮಿಷವೂ ಐದು ನಿಮಿಷದಂತೆ ಅನಿಸುತ್ತದೆ, ಅಂದಾಜು ನಂಬಬೇಡಿ. ಮೆಟ್ಟಿಲು, ಬಾವಿಕಟ್ಟೆ, ಟೀಪಾಯಿಯ ಮೂಲೆ ಇವುಗಳಿಂದ ದೂರ ಎಳೆಯಿರಿ, ತಲೆಯ ಕೆಳಗೆ ಮಡಚಿದ ಟವೆಲ್ ಇಡಿ, ಲೈಟು, ಟಿ.ವಿ. ಆರಿಸಿ. ಬಾಯಿಯೊಳಗೆ ಕೈ, ಚಮಚ, ಬಟ್ಟೆ ಯಾವುದೂ ಹೋಗಬಾರದು. ನಾಯಿ ನಾಲಿಗೆ ನುಂಗುವುದಿಲ್ಲ. ಬೆರಳು ಇಟ್ಟರೆ ಬೆರಳು ಹೋಗುತ್ತದೆ. ಬೀಗದ ಕೈ ಹಿಡಿಸುವುದು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುವುದರಿಂದ ಫಿಟ್ಸ್ ನಿಲ್ಲುವುದಿಲ್ಲ. ಒಂದೆರಡು ನಿಮಿಷಕ್ಕೆ ತಾನಾಗಿಯೇ ನಿಲ್ಲುವ ಫಿಟ್ಸ್ ಈರುಳ್ಳಿಯಿಂದ ನಿಂತಿತು ಎಂದು ಜನ ನಂಬುತ್ತಾರೆ, ಅಷ್ಟೇ. ಈರುಳ್ಳಿ ನಾಯಿಯ ಹೊಟ್ಟೆಗೆ ಹೋದರೆ ರಕ್ತಕಣ ಒಡೆಯುವ ವಿಷ.

ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಬೇರೆ ಕೋಣೆಗೆ ಹಾಕಿ. ಬಿದ್ದು ಒದ್ದಾಡುವ ನಾಯಿಯ ಮೇಲೆ ಜೊತೆಗಾರನೇ ಎರಗುವುದುಂಟು.

ಐದು ನಿಮಿಷ ದಾಟಿದರೆ ಅದು ಸ್ಟೇಟಸ್ ಎಪಿಲೆಪ್ಟಿಕಸ್, ಮಿದುಳಿಗೆ ಹಾನಿ. ಆದರೆ ಔಷಧಿ ಕೊಡಲು ಐದು ನಿಮಿಷ ಕಾಯಬಾರದು. ಎರಡು ನಿಮಿಷಕ್ಕೆ ಸಿರಿಂಜ್ ಕೈಯಲ್ಲಿರಲಿ, ಮೂರಕ್ಕೆ ಕೊಡಿ. ಒಂದೇ ದಿನದಲ್ಲಿ ಎರಡನೇ ಫಿಟ್ಸ್ ಬಂದರೆ ಶುರುವಿನಲ್ಲೇ ಕೊಡಿ. ಇದನ್ನೆಲ್ಲ ನಿಮ್ಮ ವೈದ್ಯರಿಂದ ಚೀಟಿಯಲ್ಲಿ ಎಂ.ಎಲ್. ಸಮೇತ ಬರೆಸಿಕೊಂಡು ಔಷಧಿ ಡಬ್ಬದ ಮುಚ್ಚಳಕ್ಕೆ ಅಂಟಿಸಿ.

ಗುದದ್ವಾರದಲ್ಲಿ ಡೈಯಾಜೆಪಾಮ್: ಸಾಮಾನ್ಯವಾಗಿ ಕೆ.ಜಿ.ಗೆ 1 ಎಂ.ಜಿ., ಫಿನೋಬಾರ್ಬಿಟಾಲ್ ಮೇಲಿರುವ ನಾಯಿಗೆ 2 ಎಂ.ಜಿ., ಏಕೆಂದರೆ ಚುರುಕಾದ ಲಿವರ್ ಇದನ್ನೂ ಬೇಗ ಮುಗಿಸುತ್ತದೆ. 13.6 ಕೆ.ಜಿ.ಗೆ 27 ಎಂ.ಜಿ. ಇಂಜೆಕ್ಷನ್ ಆಂಪೂಲ್ ಎಂ.ಎಲ್.ಗೆ 5 ಎಂ.ಜಿ. ಇರುತ್ತದೆ, 2 ಎಂ.ಎಲ್.ನ ಮೂರು ಆಂಪೂಲ್ ಒಡೆದು 5.4 ಎಂ.ಎಲ್. ಎಳೆದುಕೊಳ್ಳಿ. ಸೂಜಿ ಕಿತ್ತು ಪಕ್ಕಕ್ಕಿಟ್ಟು, ಸಿರಿಂಜಿನ ತುದಿಗೆ ಮಕ್ಕಳ ಫೀಡಿಂಗ್ ಟ್ಯೂಬಿನ ನಾಲ್ಕೈದು ಸೆಂ.ಮೀ. ತುಂಡು ಸಿಕ್ಕಿಸಿ, ಎಣ್ಣೆ ಸವರಿ ಒಳಗೆ ತೂರಿಸಿ, ನಿಧಾನಕ್ಕೆ ಒತ್ತಿ. ಆಮೇಲೆ ಸ್ವಲ್ಪ ಗಾಳಿ ತುಂಬಿ ಇನ್ನೊಮ್ಮೆ ಒತ್ತಿ, ಇಲ್ಲದಿದ್ದರೆ ಅರ್ಧ ಔಷಧಿ ಟ್ಯೂಬಿನಲ್ಲೇ ಉಳಿಯುತ್ತದೆ. ಬಾಲ ಕೆಳಗೆ ಒತ್ತಿ ಒಂದು ನಿಮಿಷ ಹಿಡಿಯಿರಿ. 24 ಗಂಟೆಯಲ್ಲಿ ಮೂರು ಸಲಕ್ಕಿಂತ ಹೆಚ್ಚು ಬೇಡ.

ಇದರಲ್ಲಿ ಬಹಳ ಜನ ತಪ್ಪುವ ಕಡೆ ಒಂದಿದೆ. ಮೊದಲೇ ಸಿರಿಂಜಿಗೆ ತುಂಬಿಟ್ಟುಕೊಳ್ಳುತ್ತಾರೆ. ಡೈಯಾಜೆಪಾಮ್ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ, ವಾರಗಟ್ಟಲೆ ಇಟ್ಟರೆ ಬಲ ಇಳಿಯುತ್ತದೆ. ಗಾಜಿನ ಆಂಪೂಲಿನಲ್ಲೇ, ಬೆಳಕು ಬೀಳದ ಕಡೆ ಇರಲಿ. ಸಪೊಸಿಟರಿ ಗುಳಿಗೆಯನ್ನೂ ನೆಚ್ಚಬೇಡಿ, ನಾಯಿಯ ಮೈಗೆ ಅದು ಸರಿಯಾಗಿ ಹೀರುವುದಿಲ್ಲ.

ಇದಕ್ಕಿಂತ ಒಳ್ಳೆಯದು ಮೂಗಿಗೆ ಮಿಡಜೋಲಾಮ್, ಕೆ.ಜಿ.ಗೆ 0.2 ಎಂ.ಜಿ. ನಿಮ್ಮ ನಾಯಿಗೆ 2.7 ಎಂ.ಜಿ. ಮಕ್ಕಳಿಗೆ ಬರೆಯುವ ನೇಸಲ್ ಸ್ಪ್ರೇ ಮೆಡಿಕಲ್‌ನಲ್ಲಿ ಸಿಗುತ್ತದೆ. ಒಂದು ಪಫ್‌ಗೆ ಎಷ್ಟು ಎಂದು ಡಬ್ಬಿ ನೋಡಿ: 0.5 ಎಂ.ಜಿ.ಯದಾದರೆ ಐದು ಪಫ್, 1.25ರದಾದರೆ ಎರಡು. ಎರಡೂ ಹೊಳ್ಳೆಗೆ ಹಂಚಿ. ಹೊಸ ಬಾಟಲಿಯಾದರೆ ಮೊದಲು ಗಾಳಿಗೆ ಒತ್ತಿ ಸ್ಪ್ರೇ ಬರುವಂತೆ ಮಾಡಿಟ್ಟಿರಬೇಕು, ಇಲ್ಲದಿದ್ದರೆ ಮೊದಲ ಪಫ್‌ಗಳಲ್ಲಿ ಬರುವುದು ಗಾಳಿ ಮಾತ್ರ. ಇಂಜೆಕ್ಷನ್ ಬಳಸುವುದಾದರೆ ಎಂ.ಎಲ್.ಗೆ 5 ಎಂ.ಜಿ.ಯದೇ ಬೇಕು, ಅರ್ಧ ಎಂ.ಎಲ್.ನಲ್ಲಿ ಮುಗಿಯುತ್ತದೆ. 1 ಎಂ.ಜಿ.ಯದರಲ್ಲಿ 2.7 ಎಂ.ಎಲ್. ಆಗುತ್ತದೆ, ಮೂಗಿನಿಂದ ಗಂಟಲಿಗೆ ಹರಿದುಹೋಗುತ್ತದೆ.

ಮೈ ಕಾದಿರುತ್ತದೆ. ಪಾದ, ತೊಡೆಸಂದಿಗೆ ಒದ್ದೆ ಬಟ್ಟೆ ಹಾಕಿ ಫ್ಯಾನ್ ಬಿಡಿ. ಐಸ್ ಬೇಡ, ಮೇಲಿನ ರಕ್ತನಾಳ ಕುಗ್ಗಿ ಶಾಖ ಒಳಗೇ ಉಳಿಯುತ್ತದೆ. ಪೂರ್ತಿ ಎಚ್ಚರಾಗುವವರೆಗೆ ನೀರು, ಊಟ, ಮಾತ್ರೆ ಯಾವುದೂ ಬಾಯಿಗೆ ಬೇಡ.

ಲೆವಿಪಿಲ್‌ಗೆ ಒಂದು ಒಳ್ಳೆಯ ಜಾಗ ಇಲ್ಲಿದೆ. ಏಪ್ರಿಲ್ 27ರಂತೆ ಸಾಲಾಗಿ ಬರುವ ನಾಯಿಗೆ, ಮೊದಲ ಫಿಟ್ಸ್ ಮುಗಿದು ನುಂಗುವ ಹಾಗಾದ ಮೇಲೆ ಕೆ.ಜಿ.ಗೆ 60 ಎಂ.ಜಿ. ಒಮ್ಮೆ, ಆಮೇಲೆ 20 ಎಂ.ಜಿ. ಎಂಟು ಗಂಟೆಗೊಮ್ಮೆ, 48 ಗಂಟೆ ಫಿಟ್ಸ್ ಇಲ್ಲದೆ ಕಳೆಯುವವರೆಗೆ. ನಿಮ್ಮ ನಾಯಿಗೆ 500ರ ಒಂದೂವರೆ ಮಾತ್ರೆ, ಆಮೇಲೆ 250. ಸಾದಾ ಮಾತ್ರೆ ತನ್ನಿ. ಎಕ್ಸ್.ಆರ್. (ನಿಧಾನಕ್ಕೆ ಬಿಡುಗಡೆಯಾಗುವುದು) ಎಂದು ಬರೆದದ್ದನ್ನು ಅರ್ಧ ಮಾಡಿದರೆ, ಪುಡಿ ಮಾಡಿದರೆ ಒಮ್ಮೆಲೇ ಬಿಡುಗಡೆಯಾಗುತ್ತದೆ. ಸಿರಪ್ ಕೊಳ್ಳುವುದಾದರೆ ಲೇಬಲ್‌ನಲ್ಲಿ ಕ್ಸೈಲಿಟಾಲ್ ಇಲ್ಲ ಎಂದು ನೋಡಿ, ಆ ಸಿಹಿ ನಾಯಿಯ ರಕ್ತದ ಸಕ್ಕರೆ ಇಳಿಸಿ ಅದೇ ಫಿಟ್ಸ್ ತರಿಸುತ್ತದೆ.

ಲಸಿಕೆ ಆಗದ ನಾಯಿಗಳನ್ನು ಸಾಕಿರುವವರು ಇದನ್ನು ಓದುತ್ತಿದ್ದರೆ: ಮೊದಲ ಸಲ ಫಿಟ್ಸ್, ಜೊಲ್ಲು, ಸ್ವಭಾವ ಬದಲಾದದ್ದು ಕಂಡರೆ ರೇಬೀಸ್ ಅಲ್ಲ ಎಂದು ವೈದ್ಯರು ಹೇಳುವವರೆಗೆ ಬರಿಗೈಯಲ್ಲಿ ಮುಟ್ಟಬೇಡಿ. ಚೂಯಿಂಗ್ ಗಮ್ ಅಗಿದಂತೆ ದವಡೆ ಆಡಿಸುತ್ತಾ, ನಿದ್ದೆಯಲ್ಲೂ ಒಂದು ಕಾಲು ಮಿಡಿಯುತ್ತಿದ್ದರೆ ಡಿಸ್ಟೆಂಪರ್ ಅನುಮಾನ. ಮರಿ ಹಾಕಿ ಮೂರು ವಾರದ ತಾಯಿ ನಡುಗುತ್ತಿದ್ದರೆ ಕ್ಯಾಲ್ಸಿಯಂ ಕೊರತೆಯ ಅನುಮಾನ. ಇವು ಯಾವುದಕ್ಕೂ ಗಾರ್ಡೆನಾಲ್ ಮದ್ದಲ್ಲ.

---

ಕರಾವಳಿ_ಸಾಕುಪ್ರಾಣಿ | ಜೂನ್ 17

ಜೂನ್ 8ರ ಚ್ಯೂ ಬಗ್ಗೆ ಯಾರೂ ಹೇಳಲಿಲ್ಲ. ಪೊಟ್ಟಣದ ಹಿಂದೆ ಫ್ಲುರಾಲನರ್, ಅಫೊಕ್ಸೊಲನರ್, ಸರೊಲನರ್, ಲೋಟಿಲನರ್ ಇವುಗಳಲ್ಲಿ ಒಂದು ಹೆಸರು ಇದೆಯೇ ನೋಡಿ. ಇವೆಲ್ಲ ಐಸೊಕ್ಸಾಜೊಲಿನ್ ಗುಂಪು. ಕೆಲವು ನಾಯಿಗಳಲ್ಲಿ ನಡುಕ, ಫಿಟ್ಸ್ ತರಬಹುದು ಎಂದು ಅಮೆರಿಕದ ಎಫ್.ಡಿ.ಎ. 2018ರಲ್ಲೇ ಎಚ್ಚರಿಕೆ ಕೊಟ್ಟಿದೆ. 14ರ ಫಿಟ್ಸ್ ಇದರಿಂದಲೇ ಬಂತು ಎಂದು ಹೇಳಲಾಗದು, ಮೊದಲೂ ಮೂರೂವರೆ ನಾಲ್ಕು ವಾರಕ್ಕೊಮ್ಮೆ ಬರುತ್ತಿತ್ತು. ಆದರೆ ಮೂರ್ಛೆ ಇರುವ ನಾಯಿಗೆ ಈ ಗುಂಪು ಬಿಟ್ಟುಬಿಡುವುದೇ ಸರಿ. ಫಿಪ್ರೊನಿಲ್ ಸ್ಪಾಟ್-ಆನ್ (ಚರ್ಮಕ್ಕೆ ಹನಿಸುವ ಉಣ್ಣಿ ಔಷಧಿ) ಹಾಕಿ. ಮಳೆಗಾಲದಲ್ಲಿ ದಿನಾ ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಹುಡುಕಿ ಚಿಮಟದಿಂದ ಕೀಳಿ. ತೋಟಕ್ಕೆ ಹೊಡೆಯುವ ಕೀಟನಾಶಕವನ್ನು ಉಣ್ಣಿಗೆ ಸವರುವ ರೂಢಿ ಇದೆ, ಮೂರ್ಛೆ ಇಲ್ಲದ ನಾಯಿಗೂ ಅದು ಫಿಟ್ಸ್ ತರಿಸುತ್ತದೆ.

ಕರ್ಪೂರ, ನೀಲಗಿರಿ ಎಣ್ಣೆ ಸಹ ದೂರ ಇರಲಿ. ಎರಡೂ ಫಿಟ್ಸ್ ಕೆರಳಿಸುವ ವಸ್ತುಗಳು. ಕೊಬ್ಬರಿ ಎಣ್ಣೆಗೆ ಕರ್ಪೂರ ಕಾಯಿಸಿ ಉಣ್ಣಿಗೆ ಹಚ್ಚಿದರೆ ನಾಯಿ ನೆಕ್ಕಿಯೇ ನೆಕ್ಕುತ್ತದೆ.

ಕೊಬ್ಬರಿ ಎಣ್ಣೆ ಕುಡಿಸುವ ವಿಚಾರ: ಮೂರ್ಛೆಗೆ ಸ್ವಲ್ಪ ಸಹಾಯವೆಂದು ಕಂಡಿರುವುದು ಎಂ.ಸಿ.ಟಿ. (ಮಧ್ಯಮ ಸರಪಳಿಯ ಕೊಬ್ಬು) ಎಣ್ಣೆ, ಅದರಲ್ಲಿ ಮುಖ್ಯವಾದವು ಎಂಟು ಮತ್ತು ಹತ್ತು ಇಂಗಾಲದ ಕೊಬ್ಬಿನಾಮ್ಲಗಳು. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧ ಲಾರಿಕ್ ಆಮ್ಲ, ಹನ್ನೆರಡು ಇಂಗಾಲದ್ದು. ಎರಡೂ ಒಂದೇ ಅಲ್ಲ. ಬೀಗಲ್‌ಗೆ ಈಗಾಗಲೇ ಒಂದೂವರೆ ಕೆ.ಜಿ. ಏರಿದೆ, ಮೇಲೆ ಎಣ್ಣೆ ಸುರಿದರೆ ತೂಕವೂ ಹೆಚ್ಚು, ಪ್ಯಾಂಕ್ರಿಯಾಸ್ ಉರಿಯೂತದ ಭಯವೂ ಹೆಚ್ಚು. ಗಾರ್ಡೆನಾಲ್ ಹಸಿವು ಹೆಚ್ಚಿಸುತ್ತದೆ, ತೂಕ ಏರುವುದು ಅದರಿಂದ. ಅನ್ನ ಕಾಲುಭಾಗ ಇಳಿಸಿ, ಬೇಯಿಸಿದ ಹುರುಳಿಕಾಯಿ, ಸೌತೆಕಾಯಿ ಸೇರಿಸಿ ತಟ್ಟೆ ತುಂಬಿಸಿ.

ಲೆವಿಪಿಲ್ ದುಬಾರಿ ಆದರೆ ಪೊಟ್ಯಾಸಿಯಂ ಬ್ರೋಮೈಡ್ ನೋಡಬಹುದಲ್ಲ?

---

ಪಶುವೈದ್ಯ_ಹಾಸನ | ಜೂನ್ 17

ನೋಡಬಹುದು, ಒಳ್ಳೆಯ ಔಷಧಿಯೇ. ಫಿನೋಬಾರ್ಬಿಟಾಲ್ ಜೊತೆಗೆ ಕೆ.ಜಿ.ಗೆ 15 ಎಂ.ಜಿ., ದಿನಕ್ಕೆರಡು ಸಲ, ಊಟದೊಂದಿಗೆ. ಆದರೆ ಅದು ಪೂರ್ತಿ ಮಟ್ಟಕ್ಕೆ ಬರಲು ಎರಡೂವರೆ ಮೂರು ತಿಂಗಳು ಹಿಡಿಯುತ್ತದೆ. ಊಟದ ಉಪ್ಪು ಒಂದೇ ಅಳತೆಯಲ್ಲಿ ಇರಬೇಕು. ಉಪ್ಪು ಹೆಚ್ಚಾದ ದಿನ ಕಿಡ್ನಿ ಬ್ರೋಮೈಡನ್ನು ಹೊರಹಾಕುತ್ತದೆ, ಉಪ್ಪು ಒಮ್ಮೆಲೇ ನಿಲ್ಲಿಸಿದರೆ ಬ್ರೋಮೈಡ್ ಕೂಡಿಕೊಂಡು ಹಿಂಗಾಲು ಸೋಲುತ್ತದೆ. ಒಂದು ದಿನ ಒಣಮೀನು, ಇನ್ನೊಂದು ದಿನ ಸಪ್ಪೆ ಅನ್ನ ಹಾಕುವ ಮನೆಗೆ ಇದು ಒಗ್ಗುವುದಿಲ್ಲ. ಬೆಕ್ಕಿಗೆ ಇದನ್ನು ಕೊಡಲೇಬಾರದು. ಮೊದಲು ರಿಪೋರ್ಟ್ ಬರಲಿ.

ಉಣ್ಣಿ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಬರೆಯುವಾಗ ಗಾರ್ಡೆನಾಲ್ ನಡೆಯುತ್ತಿದೆ ಎಂದು ವೈದ್ಯರಿಗೆ ನೆನಪಿಸಿ, ಆಗ ಡಾಕ್ಸಿಸೈಕ್ಲಿನ್ ಮೈಯಲ್ಲಿ ಬೇಗ ಇಳಿಯುತ್ತದೆ. ಕ್ಲೋರಾಂಫೆನಿಕಾಲ್ ಆದರೆ ತಿರುಗಾಮುರುಗಾ, ಗಾರ್ಡೆನಾಲ್ ಮಟ್ಟವನ್ನೇ ಅಪಾಯಕ್ಕೆ ಏರಿಸುತ್ತದೆ. ಎನ್ರೋಫ್ಲಾಕ್ಸಸಿನ್, ಟ್ರಮಡಾಲ್ ಬೇರೆ ದಾರಿ ಇದ್ದರೆ ಬೇಡ.

---

ತೀರ್ಥಹಳ್ಳಿ_ಬೀಗಲ್ | ಜೂನ್ 23

ಪ್ಲೇನ್ ಟ್ಯೂಬಿನಲ್ಲೇ, ಮಾತ್ರೆಗೆ ಮುಂಚೆ ತೆಗೆಸಿದೆವು. ಫಿನೋಬಾರ್ಬಿಟಾಲ್ 16.8. ಲಿವರ್ ಪರೀಕ್ಷೆಯಲ್ಲಿ ಎ.ಎಲ್.ಟಿ. (ಲಿವರ್ ಕಿಣ್ವ), ಆಲ್ಬುಮಿನ್, ಬಿಲಿರುಬಿನ್ ನಾರ್ಮಲ್. ಆದರೆ ಎ.ಎಲ್.ಪಿ. ಎಂಬ ಇನ್ನೊಂದು ಕಿಣ್ವ ಲ್ಯಾಬಿನ ಮೇಲ್ಮಿತಿಗಿಂತ ಮೂರು ಪಟ್ಟು ಇದೆ. ಲಿವರ್ ಹೋಯಿತಾ? ಡೋಸ್ ಏರಿಸಲು ಭಯವಾಗುತ್ತಿದೆ. ಚ್ಯೂ ಪೊಟ್ಟಣದಲ್ಲಿ ಅಫೊಕ್ಸೊಲನರ್ ಅಂತಲೇ ಇತ್ತು, ನಿಲ್ಲಿಸಿದ್ದೇವೆ.

---

ಪಶುವೈದ್ಯ_ಹಾಸನ | ಜೂನ್ 23

ಲಿವರ್ ಹೋಗಿಲ್ಲ, ಸಮಾಧಾನವಾಗಿರಿ. ಫಿನೋಬಾರ್ಬಿಟಾಲ್ ತಿನ್ನುವ ನಾಯಿಯಲ್ಲಿ ಎ.ಎಲ್.ಪಿ. ಒಂದೇ ಏರಿರುವುದು ಕಿಣ್ವ ಚುರುಕಾದದ್ದರ ಗುರುತು. ಹೆದರಬೇಕಾದದ್ದು ಎ.ಎಲ್.ಟಿ. ಜೊತೆಜೊತೆಗೆ ಏರಿ, ಆಲ್ಬುಮಿನ್ ಇಳಿದು, ಬಿಲಿರುಬಿನ್ ಏರಿದಾಗ, ಅಥವಾ ಹೊಟ್ಟೆಬಾಕ ನಾಯಿ ಊಟ ಬಿಟ್ಟಾಗ. ಅನುಮಾನ ಬಂದರೆ ಬೈಲ್ ಆಸಿಡ್ ಪರೀಕ್ಷೆ ನಿಜ ಹೇಳುತ್ತದೆ. ಮೊದಲ ಮೂರು ತಿಂಗಳು ರಕ್ತಕಣದ ಎಣಿಕೆಯನ್ನೂ ನೋಡುತ್ತಿರಿ, ಅಪರೂಪಕ್ಕೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಕುಸಿಯುತ್ತವೆ. ಹಾಗಾದರೆ ಈ ಔಷಧಿಯನ್ನೇ ಬದಲಾಯಿಸಬೇಕಾಗುತ್ತದೆ.

ಲೆಕ್ಕ ಹೀಗೆ: ಈಗಿನ ದಿನದ ಡೋಸ್ 60 ಎಂ.ಜಿ., ಮಟ್ಟ 16.8, ಬೇಕಾದದ್ದು 25. 60ನ್ನು 25ರಿಂದ ಗುಣಿಸಿ 16.8ರಿಂದ ಭಾಗಿಸಿದರೆ 89. ಅಂದರೆ ದಿನಕ್ಕೆ 90 ಎಂ.ಜಿ., 30ರ ಒಂದೂವರೆ ಮಾತ್ರೆ ಬೆಳಿಗ್ಗೆ, ಒಂದೂವರೆ ರಾತ್ರಿ. ಇದನ್ನು ನಿಮ್ಮ ವೈದ್ಯರಿಗೆ ರಿಪೋರ್ಟ್ ಸಮೇತ ತೋರಿಸಿ ಚೀಟಿ ಬದಲಿಸಿಕೊಳ್ಳಿ. ಮಾತ್ರೆಯನ್ನು ಕೈಯಲ್ಲಿ ಮುರಿದರೆ ಪುಡಿ ಉದುರುತ್ತದೆ, ಮೆಡಿಕಲ್‌ನಲ್ಲಿ ಸಿಗುವ ಟ್ಯಾಬ್ಲೆಟ್ ಕಟರ್ ತನ್ನಿ. ಮೊದಲ ವಾರ ಹತ್ತು ದಿನ ಹಿಂಗಾಲು ಸ್ವಲ್ಪ ತೂರಾಡಬಹುದು, ತೂಕಡಿಸಬಹುದು. ಮೆಟ್ಟಿಲಿಗೆ ಅಡ್ಡ ಕಟ್ಟಿ. ಅದಕ್ಕೆ ಹೆದರಿ ನಾಲ್ಕನೇ ದಿನಕ್ಕೇ ಡೋಸ್ ಇಳಿಸಬೇಡಿ, ತೂರಾಟ ತಾನಾಗಿಯೇ ಕಡಿಮೆಯಾಗುತ್ತದೆ. ಎರಡು ವಾರ ದಾಟಿಯೂ ನಿಲ್ಲಲಾರದಷ್ಟು ಇದ್ದರೆ ಆಗ ಮಾತಾಡೋಣ.

ಗುರಿ ಏನು ಎಂದು ಮನೆಯವರಿಗೂ ಹೇಳಿ. ಪೂರ್ತಿ ನಿಂತರೆ ತುಂಬ ಸಂತೋಷ. ಬಹಳ ನಾಯಿಗಳಲ್ಲಿ ಫಿಟ್ಸ್ ಅರ್ಧಕ್ಕಿಂತ ಕಡಿಮೆಯಾಗಿ, ಸಾಲಾಗಿ ಬರುವುದು ನಿಂತರೆ ಅದನ್ನೂ ಗೆಲುವೆಂದೇ ಎಣಿಸುತ್ತೇವೆ. ನಿಮ್ಮದು ಮೂರೂವರೆ ನಾಲ್ಕು ವಾರಕ್ಕೊಮ್ಮೆ ಬರುತ್ತಿದ್ದುದರಿಂದ, ಹೊಸ ಡೋಸ್ ಮೇಲೆ ಕನಿಷ್ಠ ಮೂರು ತಿಂಗಳ ಡೈರಿ ಇಲ್ಲದೆ ತೀರ್ಮಾನ ಬೇಡ. ಒಂದು ವರ್ಷ, ಎರಡು ವರ್ಷ ಒಂದೂ ಬಾರದೇ ಹೋದರೆ ಮಾತ್ರ ಇಳಿಸುವ ಮಾತು, ಅದೂ ತಿಂಗಳಿಗೆ ಶೇ. 20ಕ್ಕಿಂತ ಹೆಚ್ಚಿಲ್ಲದಂತೆ.

ಫಿನೋಬಾರ್ಬಿಟಾಲ್ ಚೀಟಿ ಇಲ್ಲದೆ ಸಿಗುವುದಿಲ್ಲ, ಸಣ್ಣ ಊರಿನ ಅಂಗಡಿಯಲ್ಲಿ ಸ್ಟಾಕ್ ಮುಗಿಯುವುದೂ ಸಾಮಾನ್ಯ. ಮಳೆಗೆ ರಸ್ತೆ ಕಟ್ಟುವ ಕಾಲ ಬೇರೆ. ಡಬ್ಬದಲ್ಲಿ ಹದಿನೈದು ದಿನದ ಮಾತ್ರೆ, ಈಗಿನ ಲೆಕ್ಕಕ್ಕೆ 45, ಯಾವಾಗಲೂ ಹೆಚ್ಚುವರಿ ಇರಲಿ.

ನಾಳೆ 24ಕ್ಕೆ ಹೊಸ ಡೋಸ್ ಶುರು ಮಾಡಿದರೆ ಜುಲೈ 8ರ ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತೆ ರಕ್ತ ತೆಗೆಸಿ, ಅದೇ ಲ್ಯಾಬ್, ಅದೇ ಕೆಂಪು ಮುಚ್ಚಳದ ಟ್ಯೂಬ್. ಸಂಖ್ಯೆ ಇಲ್ಲಿ ಹಾಕಿ.